ಎಚ್‌ಐವಿ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ನವಿ ಮುಂಬೈ ಕಡೆಯ ಕನ್ನಡಿಗರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳುವವರಲ್ಲಿ ಹೋಟೆಲ್ ಹುಡುಗರಿದ್ದಾರೆ, ಬಿಲ್ಡಿಂಗ್ ಕೆಲಸದವರಿದ್ದಾರೆ, ಟ್ರಕ್ ಓಡಿಸುವವರಿದ್ದಾರೆ, ಬ್ಯಾಂಕಿನವರಿದ್ದಾರೆ, ಮನೆಯಲ್ಲಿರುವ ಹೆಂಗಸರೂ ಇದ್ದಾರೆ. ಮುಕ್ಕಾಲು ಪಾಲು ಜನ "ನನಗಲ್ಲ, ನನ್ನ ಫ್ರೆಂಡಿಗೆ" ಅಂತಲೇ ಶುರು ಮಾಡುತ್ತಾರೆ. ಇರಲಿ, ಫ್ರೆಂಡಿಗೇ ಹೇಳುತ್ತಿದ್ದೇವೆ ಅಂದುಕೊಳ್ಳಿ. ನಾವು ಡಾಕ್ಟರುಗಳಲ್ಲ, ಜನರ ಜೊತೆ ಆಸ್ಪತ್ರೆಗೆ ಓಡಾಡಿದವರು. ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಎಚ್‌ಐವಿ, ಏಡ್ಸ್ ಎರಡೂ ಒಂದೇನಾ?

ಅಲ್ಲ. ಎಚ್‌ಐವಿ ಅಂದ್ರೆ ವೈರಸ್. ಅದು ಮೈಯ ರೋಗ ತಡೆಯುವ ಶಕ್ತಿಯನ್ನು ನಿಧಾನವಾಗಿ ತಿನ್ನುತ್ತದೆ. ವರ್ಷಗಟ್ಟಲೆ ಔಷಧಿ ಇಲ್ಲದೆ ಬಿಟ್ಟರೆ ಆ ಶಕ್ತಿ ತೀರಾ ಕುಸಿದು, ಟಿಬಿ, ನ್ಯುಮೋನಿಯಾ, ಬಾಯಿಯಲ್ಲಿ ಬಿಳಿ ಹುಣ್ಣು, ನಿಲ್ಲದ ಭೇದಿ ಇಂಥವೆಲ್ಲ ಮೇಲೆ ಬೀಳುತ್ತವೆ. ಆ ಹಂತಕ್ಕೆ ಏಡ್ಸ್ ಅನ್ನುತ್ತಾರೆ. ಬೇಗ ಗೊತ್ತಾಗಿ ಮಾತ್ರೆ ಶುರು ಮಾಡಿದವರು ಆ ಹಂತಕ್ಕೆ ಹೋಗುವುದೇ ಇಲ್ಲ. ನಮ್ಮ ಊರ ಕಡೆ ಈಗಲೂ ಎಲ್ಲದಕ್ಕೂ "ಏಡ್ಸ್ ಬಂದಿದೆ" ಅಂತಾರೆ, ಆಮೇಲೆ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ಕೂರುತ್ತಾರೆ.

ನಮ್ಮ ರೂಮಿನಲ್ಲಿ ಒಬ್ಬನಿಗೆ ಇದೆ ಅಂತ ಗೊತ್ತಾಯಿತು. ಎಂಟು ಜನ ಒಂದೇ ಕಡೆ ಮಲಗುತ್ತೇವೆ, ಒಂದೇ ಬಾತ್‌ರೂಮ್. ಬರುತ್ತಾ?

ಬರಲ್ಲ. ಒಟ್ಟಿಗೆ ಮಲಗಿದರೆ, ಒಂದೇ ಬಕೆಟ್ ಬಳಸಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಅವನ ಲುಂಗಿ ಉಟ್ಟರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಬರಲ್ಲ. ಬರುವ ದಾರಿ ಕೆಲವೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಳ್ಳುವುದು, ಸೋಂಕಿರುವ ರಕ್ತ ಹತ್ತಿಸುವುದು, ಮತ್ತೆ ತಾಯಿಯಿಂದ ಮಗುವಿಗೆ. ಬೆವರು, ಎಂಜಲು, ಕಣ್ಣೀರಿನಿಂದ ಹರಡಲ್ಲ.

ಇದರ ಬೆನ್ನಿಗೇ ಬರುವ ಪ್ರಶ್ನೆ ಅಡಿಗೆಮನೆಯದು. ಈರುಳ್ಳಿ ಹೆಚ್ಚುವಾಗ ಅವನ ಕೈ ಕುಯ್ದು ರಕ್ತ ಬಿದ್ದರೆ ಗಿರಾಕಿಗೆ ಬರುತ್ತಾ? ಬರಲ್ಲ. ಊಟದ ಮೂಲಕ ಎಚ್‌ಐವಿ ಹರಡಲ್ಲ. ವೈರಸ್ ಮೈಯಿಂದ ಹೊರಗೆ ಬಂದ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ, ಬಿಸಿ ಬಾಣಲೆಯಲ್ಲಂತೂ ಕೇಳಲೇಬೇಡಿ. ರಕ್ತ ಬಿದ್ದ ಈರುಳ್ಳಿಯನ್ನು ಯಾರ ರಕ್ತವಾದರೂ ಎಸೆಯಬೇಕು, ಅದು ಶುಚಿಯ ವಿಷಯ. ಅದಕ್ಕೂ ಎಚ್‌ಐವಿಗೂ ಸಂಬಂಧವಿಲ್ಲ. ಆದ್ದರಿಂದ ಭಟ್ರಿಗೆ ಪಾಸಿಟಿವ್ ಇದ್ದರೂ ದೋಸೆ ಹುಯ್ಯಬಹುದು, ಸಪ್ಲೈಯರ್ ಸಪ್ಲೈ ಮಾಡಬಹುದು.

ಸಲೂನಿನ ಬ್ಲೇಡು? ಹಚ್ಚೆ?

ಬ್ಲೇಡಿನಿಂದ ಎಚ್‌ಐವಿ ಬರುವ ಸಾಧ್ಯತೆ ತುಂಬಾ ತುಂಬಾ ಕಡಿಮೆ. ಆದರೂ ಹೊಸ ಬ್ಲೇಡು ಹಾಕಿಸಿ, ಯಾಕಂದ್ರೆ ಹೆಪಟೈಟಿಸ್ ಬಿ ಇದಕ್ಕಿಂತ ಸುಲಭವಾಗಿ ಅಂಟುತ್ತದೆ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತಾರು ಜನರಿಗೆ ಹಾಕುವ ಹಚ್ಚೆ ಬೇಡ.

ಟೆಸ್ಟ್ ಎಲ್ಲಿ ಮಾಡಿಸೋದು? ಸೇಟಿಗೆ ಗೊತ್ತಾಗುತ್ತಾ?

ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಇರುತ್ತದೆ, ಅಂದ್ರೆ ಮಾತಾಡಿ ಟೆಸ್ಟ್ ಮಾಡುವ ಕೇಂದ್ರ. ಕೆಇಎಂ, ಸಯನ್, ನಾಯರ್, ಜೆಜೆ ಈ ನಾಲ್ಕರಲ್ಲೂ ಇದೆ, ಪಾಲಿಕೆಯ ಸಣ್ಣ ಆಸ್ಪತ್ರೆಗಳಲ್ಲೂ ತುಂಬಾ ಕಡೆ ಇದೆ. ಟೆಸ್ಟ್ ಪುಕ್ಕಟೆ. ಮೊದಲು ಕೌನ್ಸೆಲರ್ ಜೊತೆ ಬಾಗಿಲು ಹಾಕಿಕೊಂಡು ಮಾತು. ಆಮೇಲೆ ನಿಮ್ಮ ಒಪ್ಪಿಗೆ ತೆಗೆದುಕೊಂಡು ರಕ್ತ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ರಿಸಲ್ಟ್ ಸಿಗುತ್ತದೆ. ಮೊದಲ ಟೆಸ್ಟಿನಲ್ಲಿ ಪಾಸಿಟಿವ್ ಬಂದರೆ ಅಷ್ಟಕ್ಕೇ ಬಿಡಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆರಡು ಸಲ ನೋಡಿ, ಮೂರೂ ಹೊಂದಿದ ಮೇಲೆಯೇ ಪಾಸಿಟಿವ್ ಅಂತ ಬರೆಯುತ್ತಾರೆ. ಅದಕ್ಕೇ ಬೀದಿ ಬದಿಯ ಲ್ಯಾಬಿನಲ್ಲಿ ಒಂದು ಕಿಟ್ ನೋಡಿ ಕೊಟ್ಟ ಚೀಟಿ ಹಿಡಿದು ಅಳುತ್ತಾ ಕೂರಬೇಡಿ. ಐಸಿಟಿಸಿಗೆ ಹೋಗಿ ಮತ್ತೊಮ್ಮೆ ಮಾಡಿಸಿ.

ನಿಮ್ಮ ಸೇಟಿಗೆ, ಅಣ್ಣನಿಗೆ, ಊರ ಪಂಚಾಯ್ತಿಗೆ ಹೇಳುವ ಹಕ್ಕು ಅವರಿಗಿಲ್ಲ. ಕಾನೂನೇ ಇದೆ, ಕೆಳಗೆ ಹೇಳಿದ್ದೇವೆ.

ಒಂದು ಚಿಕ್ಕ ವಿಷಯ. ದೊಡ್ಡ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಕೇಸ್ ಪೇಪರ್ ಕಿಟಕಿ ಮುಂದೆ ಉದ್ದ ಸಾಲಿರುತ್ತದೆ. ಅಲ್ಲಿ ನಿಂತು "ಎಚ್‌ಐವಿ ಟೆಸ್ಟ್ ಎಲ್ಲಿ" ಅಂತ ಜೋರಾಗಿ ಕೇಳೋಕೆ ಯಾರಿಗೂ ಬಾಯಿ ಬರಲ್ಲ. "ಐಸಿಟಿಸಿ ಕಿಧರ್ ಹೈ" ಅಂದರೆ ಸಾಕು. ವಾಚ್‌ಮನ್ ಕೂಡ ಕೈ ತೋರಿಸುತ್ತಾನೆ.

ಮೊನ್ನೆ ಶನಿವಾರ ಹೋಗಿದ್ದೆ. ಇವತ್ತೇ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ?

ಗೊತ್ತಾಗಲ್ಲ. ಸೋಂಕು ತಗುಲಿದ ಮೇಲೆ ಟೆಸ್ಟಿನಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಐಸಿಟಿಸಿಯ ಸಾಮಾನ್ಯ ಕಿಟ್‌ಗಳು ವೈರಸ್ ವಿರುದ್ಧ ರಕ್ತದಲ್ಲಿ ಹುಟ್ಟುವ ಆ್ಯಂಟಿಬಾಡಿ ಹುಡುಕುತ್ತವೆ. ಅದಕ್ಕೆ ಸುಮಾರು 3 ವಾರದಿಂದ 3 ತಿಂಗಳು ಬೇಕಾಗಬಹುದು. ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟ್ ಇನ್ನೂ ಬೇಗ ಹಿಡಿಯುತ್ತದೆ, ಆದರೂ 18ರಿಂದ 45 ದಿನ. ನೆಗೆಟಿವ್ ಬಂದರೂ 3 ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಅಲ್ಲಿವರೆಗೂ ಕಾಂಡೋಮ್ ಇಲ್ಲದೆ ಬೇಡ, ರಕ್ತದಾನವಂತೂ ಬೇಡವೇ ಬೇಡ. "ಪುಕ್ಕಟೆ ಟೆಸ್ಟ್ ಆಗುತ್ತೆ" ಅಂತ ರಕ್ತದಾನ ಶಿಬಿರಕ್ಕೆ ಹೋಗುವವರಿದ್ದಾರೆ. ಇದು ಸರಿಯಲ್ಲ, ಇನ್ನೊಬ್ಬರ ಜೀವದ ಜೊತೆ ಆಟ.

ಆದರೆ ನಿಲ್ಲಿ, "ಮೊನ್ನೆ" ಅಂದ್ರೆ ನಿಜವಾಗಿ ಯಾವಾಗ? 72 ಗಂಟೆ ದಾಟಿಲ್ಲ ಅಂದ್ರೆ ಮುಂದಿನ ಉತ್ತರ ಈಗಲೇ ಓದಿ.

ನಿನ್ನೆ ರಾತ್ರಿ ಕಾಂಡೋಮ್ ಹರಿಯಿತು. ಈಗ ಏನು ಮಾಡಲಿ?

ಪೆಪ್ ಅಂತ ಔಷಧಿ ಇದೆ. ಸೋಂಕು ತಗುಲಿರಬಹುದು ಅನ್ನಿಸಿದ 72 ಗಂಟೆಯೊಳಗೆ ಶುರು ಮಾಡಿ 28 ದಿನ ಬಿಡದೆ ತೆಗೆದುಕೊಂಡರೆ ವೈರಸ್ ಮೈಯಲ್ಲಿ ನೆಲೆಯೂರದಂತೆ ತಡೆಯುತ್ತದೆ. 72 ಗಂಟೆ ಅನ್ನೋದು ಕೊನೆಯ ಗಡುವು. ಎರಡು ಗಂಟೆಯಲ್ಲಿ ಶುರು ಮಾಡಿದರೆ ಎರಡು ದಿನದ ನಂತರಕ್ಕಿಂತ ಎಷ್ಟೋ ಮೇಲು. ಸೋಮವಾರ ಓಪಿಡಿ ತೆರೆಯಲಿ ಅಂತ ಕಾಯಬೇಡಿ. ದೊಡ್ಡ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಹೋಗಿ.

ಸೂಜಿ ಚುಚ್ಚಿಸಿಕೊಂಡ ನರ್ಸ್, ವಾರ್ಡ್‌ಬಾಯ್, ಆಸ್ಪತ್ರೆ ಕಸ ಎತ್ತುವವರು ಮತ್ತೆ ಅತ್ಯಾಚಾರಕ್ಕೊಳಗಾದವರು, ಸರ್ಕಾರಿ ವ್ಯವಸ್ಥೆಯಲ್ಲಿ ಪೆಪ್ ಇರುವುದು ಮುಖ್ಯವಾಗಿ ಇವರಿಗೆ. ಉಳಿದವರನ್ನು ಕೆಲವು ಕಡೆ "ಪ್ರೈವೇಟ್‌ಗೆ ಹೋಗಿ" ಅಂತ ಕಳಿಸುತ್ತಾರೆ. ಅದರ ಮೇಲೆ ಎರಡು ಮಾತು ಬುದ್ಧಿ ಬೇರೆ ಹೇಳುತ್ತಾರೆ. ಬುದ್ಧಿ ಕೇಳಿಸಿಕೊಳ್ಳಿ, ಸಮಯ ಕಳೆಯಬೇಡಿ. ಖಾಸಗಿ ಡಾಕ್ಟರ ಚೀಟಿ ಇದ್ದರೆ ಮಾತ್ರೆ ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಅರ್ಧಕ್ಕೇ ಬಿಟ್ಟರೆ ಪ್ರಯೋಜನವಿಲ್ಲ, 28 ದಿನ ಅಂದರೆ 28 ದಿನ.

ಕಾಂಡೋಮ್ ಯಾಕೆ ಹರಿಯುತ್ತೆ?

ಕೊಬ್ಬರಿ ಎಣ್ಣೆ. ನಮ್ಮವರಲ್ಲಿ ಹೆಚ್ಚಿನ ಸಲ ಇದೇ ಕಾರಣ. ಎಣ್ಣೆ, ವ್ಯಾಸ್‌ಲೀನ್ ತಗುಲಿದರೆ ಲ್ಯಾಟೆಕ್ಸ್ ಸಡಿಲವಾಗುತ್ತದೆ. ನೀರಿನಿಂದ ಮಾಡಿದ ಜೆಲ್ ಮಾತ್ರ ಬಳಸಿ. ಇನ್ನೊಂದು, ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬಿಸಿಗೆ ಬೆಂದುಹೋದ ಪ್ಯಾಕೆಟ್. ಮತ್ತೆ ಎರಡು ಹಾಕಿಕೊಂಡರೆ ಡಬಲ್ ಸೇಫ್ಟಿ ಅನ್ನೋದು ಸುಳ್ಳು, ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು.

ಮೊದಲೇ ತೆಗೆದುಕೊಳ್ಳುವ ಮಾತ್ರೆ ಇದೆಯಂತೆ, ಹೌದಾ?

ಹೌದು, ಅದರ ಹೆಸರು ಪ್ರೆಪ್. ಸೋಂಕು ಇಲ್ಲದವರು ಸೋಂಕು ಬಾರದಿರಲಿ ಅಂತ ತೆಗೆದುಕೊಳ್ಳುವುದು. ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಎರಡೂ ಸೇರಿದ ಮಾತ್ರೆ, ದಿನಕ್ಕೊಂದು. ಸರಿಯಾಗಿ ತೆಗೆದುಕೊಂಡರೆ ತುಂಬಾ ಚೆನ್ನಾಗಿ ಕಾಯುತ್ತದೆ. ಸಂಗಾತಿ ಪಾಸಿಟಿವ್ ಆಗಿದ್ದು ಇನ್ನೂ ಔಷಧಿ ಹಿಡಿದಿಲ್ಲ ಅನ್ನುವವರಿಗೆ, ಗಂಡಸರ ಜೊತೆ ಸಂಬಂಧವಿರುವ ಗಂಡಸರಿಗೆ, ಟ್ರಾನ್ಸ್‌ಜೆಂಡರ್‌ಗಳಿಗೆ, ಲೈಂಗಿಕ ಕೆಲಸ ಮಾಡುವವರಿಗೆ ಇದು ಉಪಯೋಗ. ಶುರು ಮಾಡುವ ಮುಂಚೆ ಎಚ್‌ಐವಿ, ಕಿಡ್ನಿ, ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು. ಗೆಳೆಯನ ಡಬ್ಬಿಯಿಂದ ಇಸಿದುಕೊಂಡು ನುಂಗುವ ಮಾತ್ರೆಯಲ್ಲ ಇದು. ಗರ್ಭ ನಿಲ್ಲೋದನ್ನೂ, ಸಿಫಿಲಿಸ್‌ನಂಥ ಬೇರೆ ಗುಪ್ತ ರೋಗಗಳನ್ನೂ ತಡೆಯಲ್ಲ, ಅದಕ್ಕೆ ಕಾಂಡೋಮೇ ಬೇಕು.

ನ್ಯಾಕೊ, ಅಂದ್ರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2022ರಲ್ಲಿ ಪ್ರೆಪ್‌ಗೆ ಮಾರ್ಗಸೂಚಿ ತಂದಿತು. ಆದರೂ ಬಹಳ ಜನ ಈಗಲೂ ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಮುಂಬೈಯಲ್ಲಿ 1994ರಿಂದ ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳ ನಡುವೆ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್‌ನಂಥ ಕಡೆ ಮುಜುಗರವಿಲ್ಲದೆ ಕೇಳಬಹುದು.

ಆರು ತಿಂಗಳಿಗೊಂದು ಇಂಜೆಕ್ಷನ್ ಬಗ್ಗೆಯೂ ಕೇಳುತ್ತಾರೆ. ಅದು ಲೆನಕಾಪವಿರ್. ಆಫ್ರಿಕಾದ ಯುವತಿಯರಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇಂಜೆಕ್ಷನ್ ತೆಗೆದುಕೊಂಡ ಒಬ್ಬರಿಗೂ ಸೋಂಕು ಬರಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಬಹುದು ಅಂದಿತು. ಅಗ್ಗದ ಜೆನೆರಿಕ್ ತಯಾರಿಸುವ ಲೈಸೆನ್ಸ್ ಪಡೆದ ಕಂಪನಿಗಳಲ್ಲಿ ಪಕ್ಕದ ಪುಣೆಯ ಎಂಕ್ಯೂರ್ ಕೂಡ ಇದೆ. ಹೋಟೆಲ್ ರೂಮಿನಲ್ಲಿ ಮಾತ್ರೆ ಬಚ್ಚಿಡುವ ಕಷ್ಟ ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪಾಸಿಟಿವ್ ಬಂತು. ಇನ್ನೆಷ್ಟು ವರ್ಷ ಬದುಕ್ತೀನಿ?

ಬೇಗ ಔಷಧಿ ಶುರು ಮಾಡಿ, ಬಿಡದೆ ತೆಗೆದುಕೊಂಡರೆ, ಹೆಚ್ಚುಕಡಿಮೆ ಬೇರೆಯವರಷ್ಟೇ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ಮೊದಲೆಲ್ಲ ಸಿಡಿ4 ಅನ್ನುವ, ರೋಗ ತಡೆಯುವ ರಕ್ತಕಣಗಳ ಎಣಿಕೆ ಇಂತಿಷ್ಟಕ್ಕಿಂತ ಕೆಳಗೆ ಬಂದರೆ ಮಾತ್ರ ಮಾತ್ರೆ ಕೊಡುತ್ತಿದ್ದರು, ಅಂದ್ರೆ ಮೈ ಸೋಲುವ ತನಕ ಕಾಯಬೇಕಿತ್ತು. 2017ರಿಂದ ನೀತಿ ಬದಲಾಗಿದೆ. ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ, ಎಣಿಕೆ ಎಷ್ಟೇ ಇರಲಿ, ಔಷಧಿ. ಐಸಿಟಿಸಿಯವರೇ ನಿಮ್ಮನ್ನು ಎಆರ್‌ಟಿ ಸೆಂಟರಿಗೆ, ಅಂದ್ರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರಕ್ಕೆ, ಕಳಿಸುತ್ತಾರೆ. ಅಲ್ಲಿ ರಕ್ತ ಪರೀಕ್ಷೆ, ಟಿಬಿ ಇದೆಯಾ ಅಂತ ನೋಡೋದು, ಆಮೇಲೆ ಮಾತ್ರೆ.

ನಾವು ನೋಡಿದ ಹಾಗೆ ತೀರಿಕೊಂಡವರಲ್ಲಿ ಹೆಚ್ಚಿನವರು ಎರಡು ತರದವರು. ಗೊತ್ತಿದ್ದೂ ಟೆಸ್ಟಿಗೆ ಹೋಗದೆ ಹಾಸಿಗೆ ಹಿಡಿದ ಮೇಲೆ ಬಂದವರು. ಇನ್ನೊಂದು, ಔಷಧಿ ಶುರು ಮಾಡಿ ಚೆನ್ನಾಗಾಗಿ, ಊರಿಗೆ ಹೋಗಿ, ಅಲ್ಲಿ ಬಿಟ್ಟವರು.

ಮಾತ್ರೆ ಎಷ್ಟು? ತೊಂದರೆ ಏನಾದ್ರೂ ಆಗುತ್ತಾ?

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಊಟದ ಮುಂಚೆಯೂ ಆಯಿತು, ಆಮೇಲೂ ಆಯಿತು. ಮೊದಲ ಕೆಲವು ವಾರ ತಲೆನೋವು, ವಾಕರಿಕೆ ಇರಬಹುದು, ನಿದ್ದೆ ಕೆಡಬಹುದು. ನಿದ್ದೆ ಬರುತ್ತಿಲ್ಲ ಅಂದ್ರೆ ಡಾಕ್ಟರಿಗೆ ಹೇಳಿ ಬೆಳಿಗ್ಗೆಗೆ ಬದಲಾಯಿಸಿಕೊಳ್ಳಿ. ರಾತ್ರಿ ಒಂದು ಗಂಟೆಗೆ ಹೋಟೆಲ್ ಮುಚ್ಚುವವರಿಗೆ "ರಾತ್ರಿ ಒಂಬತ್ತಕ್ಕೆ" ಅಂತ ಬರೆದುಕೊಟ್ಟರೆ ನಡೆಯಲ್ಲ, ಒಂಬತ್ತು ಗಂಟೆ ಅಂದ್ರೆ ರಶ್ ಸಮಯ ಅಲ್ವಾ! ನಿಮ್ಮ ದಿನ ಹೇಗಿದೆ ಅಂತ ಕೌನ್ಸೆಲರಿಗೆ ಬಾಯಿಬಿಟ್ಟು ಹೇಳಿ, ಬೆಳಗಿನ ಚಹಾ ಜೊತೆ ಇಟ್ಟುಕೊಳ್ಳಬಹುದು. ಒಂದು ದಿನ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ.

ಅಸಿಡಿಟಿಯ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇವು ಡೊಲುಟೆಗ್ರಾವಿರ್ ಜೊತೆ ಹೊಂದಲ್ಲ, ಔಷಧಿ ಮೈಗೆ ಹತ್ತೋದನ್ನು ತಡೆಯುತ್ತವೆ. ಟಿಎಲ್‌ಡಿಯನ್ನು ಅವುಗಳಿಗಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಹೋಟೆಲ್ ಜನ ಎದೆಯುರಿಗೆ ಸಿಕ್ಕಾಪಟ್ಟೆ ಡೈಜಿನ್ ತಿನ್ನುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ರೂಮಿನವರಿಗೆ ಗೊತ್ತಾಗದ ಹಾಗೆ ಮಾತ್ರೆ ಎಲ್ಲಿ ಇಡೋದು?

ಇದು ಡಾಕ್ಟರು ಉತ್ತರಿಸದ ಪ್ರಶ್ನೆ. ಮಾತ್ರೆ ಬರೋದು ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ, 30 ಮಾತ್ರೆ. ಪೆಟ್ಟಿಗೆ ಸ್ವಲ್ಪ ಅಲ್ಲಾಡಿದರೂ ಗಲಗಲ ಸದ್ದು. ಸದ್ದು ನಿಲ್ಲಲಿ ಅಂತ ಒಳಗೆ ಹತ್ತಿ ತುರುಕುವವರಿದ್ದಾರೆ. ಲೇಬಲ್ ಕಿತ್ತು ಎಸೆಯುವವರಿದ್ದಾರೆ. ಕಾಗದದಲ್ಲಿ ಸುತ್ತಿ ದಿಂಬಿನೊಳಗೆ ಇಟ್ಟವರೂ ಇದ್ದಾರೆ, ಮುಂಬೈ ಮಳೆಗಾಲದ ಪಸೆಗೆ ಮಾತ್ರೆಗಳೆಲ್ಲ ಮೆತ್ತಗಾಗಿದ್ದವು. ಬೇರೆ ಡಬ್ಬಿಗೆ ಹಾಕಲೇಬೇಕು ಅಂದ್ರೆ ಬಿಗಿ ಮುಚ್ಚಳದ್ದು ನೋಡಿ, ಬಾಟಲಿಯೊಳಗಿನ ಆ ಚಿಕ್ಕ ಪುಡಿ ಪೊಟ್ಟಣವನ್ನೂ ಜೊತೆಗೇ ಹಾಕಿ, ವಾರಕ್ಕೆ ಬೇಕಾದಷ್ಟೇ ಹೊರಗೆ ತೆಗೆಯಿರಿ. ಕೇಳಿದವರಿಗೆ "ಬಿಪಿ ಮಾತ್ರೆ" ಅನ್ನಿ. ಈ ಸುಳ್ಳಿಗೆ ಯಾವ ಪಾಪವೂ ಅಂಟಲ್ಲ.

ಎರಡು ತಿಂಗಳು ಊರಿಗೆ ಹೋಗಬೇಕು. ಔಷಧಿ ಏನು ಮಾಡಲಿ?

ಈ ಪ್ರಶ್ನೆ ಕೇಳಿದವರು ಬದುಕಿಕೊಳ್ಳುತ್ತಾರೆ, ನಮಗೆ ಭಯ ಕೇಳದವರದ್ದೇ. ಹೋಟೆಲ್‌ನವರು ಮಳೆಗಾಲದಲ್ಲಿ, ದೈವದ ಕೋಲಕ್ಕೆ, ಮದುವೆ ಸೀಸನ್ನಿಗೆ ಹೋಗುತ್ತಾರೆ. ಕಲಬುರಗಿ, ವಿಜಯಪುರದ ಕಡೆಯವರು ಬಿತ್ತನೆಗೆ, ಜಾತ್ರೆಗೆ ಹೋಗುತ್ತಾರೆ. ಹದಿನೈದು ದಿನ ಅಂತ ಹೋದವರು ಮೂರು ತಿಂಗಳು ನಿಲ್ಲುತ್ತಾರೆ. ಬಾಟಲಿ ಖಾಲಿ. ತಾಲೂಕಿನ ಆಸ್ಪತ್ರೆಗೆ ಹೋದರೆ ಪರಿಚಯದ ನರ್ಸ್ ಸಿಗುತ್ತಾಳೆ ಅನ್ನೋ ಭಯ. ಮೈಯೂ ಚೆನ್ನಾಗಿದೆ, ಇರಲಿ ಮುಂಬೈಗೆ ಹೋದ ಮೇಲೆ ನೋಡೋಣ. ಹೀಗೆ ಬಿಟ್ಟಾಗ ವೈರಸ್ ಮತ್ತೆ ಹೆಚ್ಚುತ್ತದೆ, ಮತ್ತೆ ಮತ್ತೆ ಬಿಟ್ಟು ಹಿಡಿದರೆ ಮಾತ್ರೆಗೇ ಪಳಗಿಬಿಡುತ್ತದೆ, ಆಮೇಲೆ ಬೇರೆ ಔಷಧಿ ಹುಡುಕಬೇಕು.

ದಾರಿ ಇದೆ. ಹೋಗುವ ಎರಡು ವಾರ ಮೊದಲೇ ಎಆರ್‌ಟಿ ಸೆಂಟರಿಗೆ ಹೇಳಿ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಹತೋಟಿಯಲ್ಲಿರುವವರಿಗೆ ಒಟ್ಟಿಗೆ 3 ತಿಂಗಳ ಮಾತ್ರೆ ಕೊಡುವ ಪದ್ಧತಿ ಇದೆ, ಸ್ಟಾಕ್ ನೋಡಿ ಕೊಡುತ್ತಾರೆ. ಊರಲ್ಲೇ ನಿಲ್ಲುವುದಾದರೆ ಟ್ರಾನ್ಸ್‌ಫರ್ ಕೇಳಿ. ಮುಂಬೈ ಸೆಂಟರಿನ ಚೀಟಿ ತೆಗೆದುಕೊಂಡು ಊರ ಕಡೆಯ ಸೆಂಟರಿಗೆ ಹೋದರೆ ಅಲ್ಲೇ ಔಷಧಿ ಮುಂದುವರಿಯುತ್ತದೆ, ವಾಪಸ್ ಬಂದಾಗ ಅದೇ ರೀತಿ ಇಲ್ಲಿಗೆ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಸೆಂಟರ್ ಇವೆ, ತಾಲೂಕು ಮಟ್ಟದಲ್ಲಿ ಲಿಂಕ್ ಸೆಂಟರ್‌ಗಳೂ ಇವೆ. ಪರಿಚಯದವರ ಭಯ ಇದ್ದರೆ ಪಕ್ಕದ ಜಿಲ್ಲೆಯ ಸೆಂಟರ್ ಹೆಸರು ಬರೆಸಿಕೊಳ್ಳಿ. ದಾರಿ ಮಧ್ಯೆ ಮಾತ್ರೆ ಮುಗಿದರೂ, ನಿಮ್ಮ ಎಆರ್‌ಟಿ ಪುಸ್ತಕ ತೋರಿಸಿ ಹತ್ತಿರದ ಸೆಂಟರಿನಲ್ಲಿ ಕೇಳಿ. ಆ ಪುಸ್ತಕದ ಫೋಟೊ ಮೊಬೈಲಿನಲ್ಲಿ ಇರಲಿ, ಗ್ಯಾಲರಿ ಲಾಕ್ ಮಾಡಿಕೊಳ್ಳಿ.

ಊರಿಗೆ ಮತ್ಸ್ಯಗಂಧ ರೈಲು ಹತ್ತುವಾಗ ಮಾತ್ರೆ ಸೀಟಿನಡಿಯ ಟ್ರಂಕಿನಲ್ಲಿ ಇಡಬೇಡಿ. ಕೈಚೀಲದಲ್ಲಿರಲಿ. ಟ್ರಂಕ್ ಕಳೆದುಹೋದರೆ ಸೀರೆ ಮತ್ತೆ ಕೊಳ್ಳಬಹುದು.

"ವೈರಲ್ ಲೋಡ್ ಸಿಗ್ತಾ ಇಲ್ಲ" ಅಂದರು. ವಾಸಿಯಾಯಿತಾ?

ವಾಸಿಯಾಗಿಲ್ಲ, ಆದರೆ ತುಂಬಾ ಒಳ್ಳೆ ಸುದ್ದಿ. ರಕ್ತದಲ್ಲಿ ವೈರಸ್ ಟೆಸ್ಟಿಗೆ ಕಾಣದಷ್ಟು ಕಡಿಮೆಯಾಗಿದೆ ಅಂತ ಅರ್ಥ. ಹಾಗೆ ಕಡಿಮೆಯಾಗಿ, ಔಷಧಿಯಿಂದ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್ ಇರುವ ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಸತ್ಯ ಇದು. ಔಷಧಿ ಬಿಟ್ಟರೆ ವೈರಸ್ ವಾಪಸ್. ಟೆಸ್ಟ್ ಸರ್ಕಾರಿ ವ್ಯವಸ್ಥೆಯಲ್ಲಿ ಪುಕ್ಕಟೆ: ಔಷಧಿ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ತಪ್ಪಿಸಬೇಡಿ.

ಹೆಂಡತಿಗೆ ಹೇಳಲೇಬೇಕಾ?

ಹೇಳಿ. ಕಷ್ಟ ಅಂತ ಗೊತ್ತು. ಊರಲ್ಲಿರುವ ಹೆಂಡತಿಗೂ ಟೆಸ್ಟ್ ಆಗಬೇಕು, ಅವಳಿಗೂ ಇದ್ದರೆ ಅವಳ ಔಷಧಿಯೂ ತಡವಾಗುತ್ತಿದೆ. ನೀವೊಬ್ಬರೇ ಮಾತ್ರೆ ನುಂಗಿ ಚೆನ್ನಾಗಿದ್ದು ಅವಳನ್ನು ಕತ್ತಲಲ್ಲಿ ಇಡುವುದು ಅನ್ಯಾಯ, ಇದರಲ್ಲಿ ನಾವು ಯಾರ ಮುಲಾಜೂ ನೋಡಲ್ಲ. ಒಬ್ಬರೇ ಹೇಳಲು ಆಗದಿದ್ದರೆ ಕೌನ್ಸೆಲರ್ ಮುಂದೆ ಇಬ್ಬರೂ ಕೂತು ಮಾತಾಡಿ.

ಕಾನೂನಿನ ಮಾತಿಗೆ ಬಂದರೆ, ಸೋಂಕು ಇದೆ ಅಂತ ತಿಳಿದವರು ಇನ್ನೊಬ್ಬರಿಗೆ ಹರಡದಂತೆ ಎಚ್ಚರ ವಹಿಸಬೇಕು ಅಂತ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಡಾಕ್ಟರ್ ನೇರವಾಗಿ ಸಂಗಾತಿಗೆ ಹೇಳಬೇಕಾದರೂ ಮೊದಲು ನಿಮಗೆ ಬುದ್ಧಿ ಹೇಳಿ, ನೀವೇ ಹೇಳಲಿ ಅಂತ ನೋಡಿ, ಆಮೇಲಷ್ಟೆ. ಹೆಂಗಸರ ವಿಷಯದಲ್ಲಿ ಇನ್ನೊಂದು ಕಾವಲಿದೆ: ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯವಿದ್ದರೆ ಅವಳ ವಿಷಯವನ್ನು ಸಂಗಾತಿಗೆ ಹೇಳುವಂತಿಲ್ಲ. ಗಂಡ ಹೋದ ಮೇಲೆ "ನಿನ್ನಿಂದಲೇ ಬಂತು" ಅಂತ ಸೊಸೆಯನ್ನು ಹೊರಹಾಕುವುದು ನಮ್ಮಲ್ಲಿ ಕಡಿಮೆಯೇನಲ್ಲ. ಪಾಸಿಟಿವ್ ಆದವರಿಗೆ ಆ ಮನೆಯಲ್ಲೇ ಇರುವ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ.

ಮಗು ಮಾಡಿಕೊಳ್ಳಬಹುದಾ?

ಖಂಡಿತ. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಹೋಗುವ ಸಾಧ್ಯತೆ 15ರಿಂದ 45 ಶೇಕಡಾ. ತಾಯಿ ಔಷಧಿ ಸರಿಯಾಗಿ ತೆಗೆದುಕೊಂಡು, ಮಗುವಿಗೂ ಹುಟ್ಟಿದ ಕೂಡಲೇ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಅದಕ್ಕೇ ಬಸುರಾದ ಕೂಡಲೇ ಎಚ್‌ಐವಿ ಟೆಸ್ಟ್ ಮಾಡಿಸಿ, ಹೆರಿಗೆಗೆ ಊರಿಗೆ ಹೋಗುವವರು ಕಾಗದಗಳನ್ನು ಕೊಂಡುಹೋಗಿ. ಮಗುವಿಗೆ 6 ವಾರಕ್ಕೆ ಮೊದಲ ಟೆಸ್ಟ್, ಕೊನೆಯದು 18 ತಿಂಗಳಿಗೆ. ಮೊಲೆಹಾಲು ಕೊಡುವುದಾದರೆ ಮೊದಲ 6 ತಿಂಗಳು ಅದೊಂದನ್ನೇ ಕೊಡಿ. ಅಜ್ಜಿ ನೆಕ್ಕಿಸುವ ಜೇನುತುಪ್ಪ, ಬಜೆ, ಹಸುವಿನ ಹಾಲು ಒಂದೂ ಬೇಡ. ಎರಡನ್ನೂ ಸೇರಿಸಿ ಕೊಡುವುದರಿಂದಲೇ ಅಪಾಯ ಜಾಸ್ತಿ.

ಕೆಮ್ಮು ಹೋಗ್ತಾ ಇಲ್ಲ. ಎಚ್‌ಐವಿ ಇರಬಹುದಾ?

ಎರಡು ವಾರ ದಾಟಿದ ಕೆಮ್ಮು ಅಂದ್ರೆ ಮೊದಲು ಟಿಬಿ ಟೆಸ್ಟ್. ಟಿಬಿ ಬಂದವರಿಗೆ ಎಚ್‌ಐವಿ ಟೆಸ್ಟ್, ಎಚ್‌ಐವಿ ಇರುವವರಿಗೆ ಟಿಬಿ ಪರೀಕ್ಷೆ, ಎರಡೂ ಕಡೆ ನೋಡುತ್ತಾರೆ. ಎಚ್‌ಐವಿ ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಟಿಬಿಯೇ. ಗಾಳಿಯಾಡದ ರೂಮುಗಳಲ್ಲಿ ಹತ್ತು ಜನ ಮಲಗುವ ಊರು ಇದು. ಟಿಬಿಯ ರಿಫಾಂಪಿಸಿನ್ ತೆಗೆದುಕೊಳ್ಳುವಾಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಆದ್ದರಿಂದ ಟಿಬಿ ಡಾಕ್ಟರಿಗೆ ಎಚ್‌ಐವಿ ವಿಷಯ ಮುಚ್ಚಿಡಬೇಡಿ.

ಇಷ್ಟೆಲ್ಲ ಪುಕ್ಕಟೆ ಯಾಕೆ ಕೊಡ್ತಾರೆ? ಒಳ್ಳೆ ಔಷಧಿ ಹೌದಾ?

ಹೌದು. ಪುಕ್ಕಟೆ ಅಂದ್ರೆ ಕಳಪೆ ಅಂತ ನಾವು ಯಾಕೋ ನಂಬಿಬಿಟ್ಟಿದ್ದೇವೆ. ಇದರ ಹಿಂದೆ ಮುಂಬೈಯದ್ದೇ ಒಂದು ಕತೆ ಇದೆ. ಭಾರತದಲ್ಲಿ ಮೊದಲ ಸೋಂಕು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈಯಲ್ಲಿ. ತೊಂಬತ್ತರ ದಶಕದ ಮಧ್ಯದಲ್ಲಿ ಮೂರು ಔಷಧಿ ಒಟ್ಟಿಗೆ ಕೊಟ್ಟರೆ ರೋಗಿ ಎದ್ದು ಕೂರುತ್ತಾನೆ ಅಂತ ಗೊತ್ತಾಯಿತು. ಆದರೆ ವರ್ಷಕ್ಕೆ 10 ಸಾವಿರ ಡಾಲರಿಗೂ ಮೇಲೆ ಬೆಲೆ. ಇಲ್ಲಿಯ ಕೂಲಿಗೆ ಅದು ಇದ್ದೂ ಇಲ್ಲದ ಹಾಗೆ. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಆಗ ನಮ್ಮ ಪೇಟೆಂಟ್ ಕಾನೂನು ಔಷಧಿಯ ಮೇಲೆ ಪೇಟೆಂಟ್ ಕೊಡುತ್ತಿರಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಕೊಡುತ್ತಿತ್ತು. ಅದರಿಂದಲೇ ಇದು ಸಾಧ್ಯವಾಯಿತು. 2005ರಲ್ಲಿ ಕಾನೂನು ಬದಲಾಯಿತು, ಅದರ ಗುದ್ದಾಟ ಬೇರೆಯೇ ದೊಡ್ಡ ವಿಷಯ. 2004ರ ಏಪ್ರಿಲ್ 1ರಿಂದ ಸರ್ಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿತು. ಮೊದಲ ಆಸ್ಪತ್ರೆಗಳಲ್ಲಿ ಬೈಕುಲಾದ ಜೆಜೆ ಒಂದು.

ಎಲ್ಲ ಸರಿಯಿದೆ ಅಂತಲ್ಲ. 2022ರಲ್ಲಿ ಔಷಧಿ ಕೊರತೆಯಾಗಿ, ದೆಹಲಿಯ ನ್ಯಾಕೊ ಕಚೇರಿ ಮುಂದೆ ಪಾಸಿಟಿವ್ ಇರುವವರು ವಾರಗಟ್ಟಲೆ ಧರಣಿ ಕೂತಿದ್ದರು. ತಿಂಗಳ ಬದಲು ಹತ್ತು ದಿನದ ಮಾತ್ರೆ ಕೊಟ್ಟು ಕಳಿಸಿದರೆ, ದಿನಗೂಲಿಯವನು ತಿಂಗಳಿಗೆ ಮೂರು ಕೂಲಿ ಕಳೆದುಕೊಳ್ಳುತ್ತಾನೆ. ನೀತಿ ಬರೆಯುವವರಿಗೆ ಈ ಲೆಕ್ಕ ಯಾಕೆ ಹೊಳೆಯಲ್ಲವೋ. ಹಾಗೆ ಕಡಿಮೆ ಕೊಟ್ಟರೆ ಸುಮ್ಮನೆ ಬರಬೇಡಿ, ಕೇಳಿ, ಬರೆದು ಕೊಡಿ. ಮುಂಬೈ ಒಳಗಿನ ದೂರು ವಡಾಲದಲ್ಲಿರುವ ಮುಂಬೈ ಜಿಲ್ಲಾ ಏಡ್ಸ್ ನಿಯಂತ್ರಣ ಸಂಸ್ಥೆಗೆ. ಠಾಣೆ, ನವಿ ಮುಂಬೈ ಅದಕ್ಕೆ ಸೇರಲ್ಲ, ಅವು ರಾಜ್ಯದ ಸಂಸ್ಥೆಗೆ.

ಸೇಟು ಕೆಲಸದಿಂದ ತೆಗೆದರೆ?

ತೆಗೆಯುವಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಪಾಸಿಟಿವ್ ಅನ್ನುವ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಟೆಸ್ಟ್ ಕೇಳುವಂತಿಲ್ಲ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ದೂರು ಕೇಳಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕು, 30 ದಿನದಲ್ಲಿ ತೀರ್ಮಾನ ಹೇಳಬೇಕು. ನೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ದೂರಿಗೆಂದೇ ಒಬ್ಬ ಅಧಿಕಾರಿ ಇರಬೇಕು. ನಮ್ಮ ಹೋಟೆಲುಗಳಲ್ಲಿ ನೂರು ಜನ ಎಲ್ಲಿ, ಹಾಗಾಗಿ ಆ ಸಾಲು ನಮಗೆ ಅಷ್ಟಕ್ಕಷ್ಟೇ. ಉಳಿದ ಹಕ್ಕುಗಳು ಸಣ್ಣ ಹೋಟೆಲಿಗೂ ಅನ್ವಯ.

ಈ ಕಾಯ್ದೆ ಸುಮ್ನೆ ಬಂದಿದ್ದಲ್ಲ. 1989ರಲ್ಲಿ ಗೋವಾದಲ್ಲಿ ಡೊಮಿನಿಕ್ ಡಿಸೋಜ ಅನ್ನುವ ಯುವಕ ರಕ್ತದಾನ ಮಾಡಿದ್ದ, ಅದರಲ್ಲಿ ಸೋಂಕು ಗೊತ್ತಾಯಿತು. ಪೊಲೀಸರು ಹಿಡಿದುಕೊಂಡು ಹೋದರು. ಗೋವಾದ ಆಗಿನ ಆರೋಗ್ಯ ಕಾನೂನಿನ ಪ್ರಕಾರ ಹಳೆಯ ಟಿಬಿ ಆಸ್ಪತ್ರೆಯೊಂದರಲ್ಲಿ ಅವನನ್ನು 64 ದಿನ ಒಬ್ಬನನ್ನೇ ಕೂಡಿಹಾಕಿದರು. ಅವನೂ, ತಾಯಿಯೂ, ಗೆಳೆಯರೂ ಕೋರ್ಟಿಗೆ ಹೋದರು. ಹೊರಗೆ ಬಂದವನು ಪಾಸಿಟಿವ್ ಪೀಪಲ್ ಅನ್ನುವ ಸಂಸ್ಥೆಗೆ ಅಡಿಪಾಯ ಹಾಕಿ 1992ರಲ್ಲಿ ತೀರಿಕೊಂಡ. 1997ರಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ಕೇಸಿನಲ್ಲಿ, ಕೆಲಸ ಮಾಡುವ ಶಕ್ತಿ ಇರುವವರನ್ನು ಪಾಸಿಟಿವ್ ಅಂತ ಸರ್ಕಾರಿ ಕಂಪನಿ ಕೈಬಿಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಅರ್ಜಿದಾರ ದಿನಗೂಲಿಯವ. ಹೆಸರು ಹೊರಗೆ ಬಾರದಿರಲಿ ಅಂತ ಕೋರ್ಟು ಎಂಎಕ್ಸ್ ಅಂತಷ್ಟೇ ಬರೆಯಿತು. ಈಗಲೂ ಇಂಥ ಕೇಸಿನಲ್ಲಿ ಹೆಸರು ಮುಚ್ಚಿಡಿ ಅಂತ ಕೇಳಿಕೊಳ್ಳಬಹುದು, ಅದಕ್ಕೆ ಹೆದರಿ ಹಿಂದೆ ಸರಿಯಬೇಡಿ.

ನಮ್ಮಂಥ ಹೊರಗಿನವರಿಂದಲೇ, ಕಾಮಾಟಿಪುರದವರಿಂದಲೇ ಹರಡೋದು ಅಂತಾರಲ್ಲ?

ಊರು ಬಿಟ್ಟು ಬಂದರೆ ಸೋಂಕು ಬರಲ್ಲ, ಕಾಂಡೋಮ್ ಬಿಟ್ಟರೆ ಬರುತ್ತದೆ. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ ಮೊದಲು, ಆಂಧ್ರ ಮತ್ತು ಕರ್ನಾಟಕ ಅದರ ಬೆನ್ನಿಗೇ ಇವೆ, ಆದ್ದರಿಂದ ಯಾರೂ ಯಾರ ಕಡೆಗೂ ಬೆರಳು ತೋರಿಸಬೇಕಾಗಿಲ್ಲ. ಇನ್ನು ಕಾಮಾಟಿಪುರ, ಲೈಂಗಿಕ ಕೆಲಸಕ್ಕೆ ಹೆಸರಾದ ಮುಂಬೈಯ ಹಳೆಯ ಬಡಾವಣೆ. ಬೆಳಗಾವಿ, ಬಾಗಲಕೋಟೆ ಕಡೆಯಿಂದ ದೇವದಾಸಿ ಪದ್ಧತಿಯ ಹೆಸರಲ್ಲಿ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಬಿದ್ದರು. ಅವರೂ ಕನ್ನಡದವರೇ. ಗಿರಾಕಿ ಕಾಂಡೋಮ್ ಬೇಡ ಅಂದಾಗ ಆಗಲ್ಲ ಅನ್ನುವ ಧೈರ್ಯವನ್ನು ಆ ಹೆಂಗಸರು ಒಟ್ಟಾಗಿ ಕಲಿತರು. ಸೋಂಕು ಇಳಿದಿದ್ದರಲ್ಲಿ ಅವರ ಪಾಲು ದೊಡ್ಡದು.

ಲೋಕಲ್ ಟ್ರೇನಿನಲ್ಲಿ ಪೋಸ್ಟರ್ ನೋಡಿದೆ, ಗ್ಯಾರಂಟಿ ಗುಣ ಮಾಡ್ತಾರಂತೆ.

ಹರಿದು ಹಾಕಿ. ಏಡ್ಸ್ ಗುಣ ಮಾಡುತ್ತೇವೆ ಅಂತ ಔಷಧಿ ಮಾರುವುದೇ ನಮ್ಮ ಔಷಧ ನಿಯಮಗಳ ಪ್ರಕಾರ ನಿಷಿದ್ಧ. ಕಷಾಯ ಬೇಕಾದರೆ ಕುಡಿಯಿರಿ, ಮಾತ್ರೆ ಬಿಟ್ಟು ಬೇಡ. ಡಾಕ್ಟರಿಗೂ ಹೇಳಿ ಕುಡಿಯಿರಿ.

ನನಗೆ ಹಿಂದಿ, ಮರಾಠಿ ಸರಿಯಾಗಿ ಬರಲ್ಲ. ಯಾರ ಹತ್ತಿರ ಕೇಳಲಿ?

1097ಕ್ಕೆ ಫೋನ್ ಮಾಡಿ. ನ್ಯಾಕೊದ ಸಹಾಯವಾಣಿ, ಕರೆ ಪುಕ್ಕಟೆ, ಹಿಂದಿ ಇಂಗ್ಲಿಷ್ ಅಲ್ಲದೆ ಬೇರೆ ಭಾರತೀಯ ಭಾಷೆಗಳಲ್ಲೂ ಮಾತಾಡುತ್ತಾರೆ. ಹೆಸರು ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವಾಗ ನಂಬಿಕೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಆದರೆ ಕೌನ್ಸೆಲರ್ ರೂಮಿಗೆ ಅವರು ಬರಬೇಕೋ ಬೇಡವೋ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎಷ್ಟೋ ಜನ ಅಣ್ಣನ ಎದುರು ನಿಜ ಹೇಳಲ್ಲ. ಹೇಳಬೇಕಾದ್ದನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ, ಮುಂಬೈ ಆಸ್ಪತ್ರೆಗಳಲ್ಲಿ ಕನ್ನಡ ಬರುವ ಒಬ್ಬ ನರ್ಸ್ ಸಿಗದ ದಿನ ಕಡಿಮೆ.